ಕಾಗಾಲದ ಆರು ಜೇನುಪೆಟ್ಟಿಗೆ

ಹೋದ ತಿಂಗಳು ಎರಡು ದಿನದ ತರಬೇತಿಗೆಂದು ಭಟ್ಕಳದಿಂದ ಕುಮಟೆಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದರೆ ಹೋಟೆಲಿನ ಹಿಂದೆ ಯಾರೋ ತೆಂಗಿನ ಸಿಪ್ಪೆ ರಾಶಿ ಹಾಕಿ ಬೆಂಕಿ ಹಚ್ಚಿದ್ದರು. ಹಸಿ ಸಿಪ್ಪೆ. ಉರಿಯುವ ಬದಲು ಬರೀ ಹೊಗೆ ಬಿಡುತ್ತಿತ್ತು. ಆ ಹೊಗೆ ಮೂಗಿಗೆ ಬಡಿದದ್ದೇ ನನಗೆ ಊಟ ಬೇಡವಾಯಿತು. ಜೊತೆಗಿದ್ದ ಟೀಚರು "ತಲೆನೋವಾ?" ಎಂದು ಕೇಳಿದರು. ಹೌದು ಎಂದೆ. ಆ ಹೊಗೆಯ ವಿಷಯಕ್ಕೆ ಒಂಬತ್ತು ವರ್ಷದಿಂದ ನಾನು ಯಾರಿಗೂ ನಿಜವಾದ ಉತ್ತರ ಕೊಟ್ಟಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಾಗಾಲದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದೆ. ವಿಜ್ಞಾನದ ಪಾಠ. ಹಾವೇರಿ ಕಡೆಯವಳು, ಆಗಷ್ಟೇ ಬಿ.ಎಡ್. ಮುಗಿಸಿದ್ದೆ, ಸಮುದ್ರವನ್ನು ಎರಡೇ ಸಲ ನೋಡಿದ್ದೆ. ಜೂನ್ ತಿಂಗಳ ಮಳೆಯಲ್ಲಿ ಒಂದು ಚೀಲ, ಒಂದು ಬಕೀಟು ಹಿಡಿದುಕೊಂಡು ಹೊನ್ನಮ್ಮನವರ ಮನೆಯ ಹೊರಕೋಣೆಗೆ ಬಂದು ಇಳಿದೆ. ಮನೆಯಲ್ಲಿದ್ದವರು ಮೂರೇ ಜನ. ಯಜಮಾನಿ ಹೊನ್ನಮ್ಮ, ಕುಮಟೆ-ಹೊನ್ನಾವರದ ನಡುವೆ ಟೆಂಪೋ ಓಡಿಸುವ ಅವರ ಮಗ ಗಣಪು, ಸೊಸೆ ಮಂಗಲಾ. ಮಂಗಲಾಳ ಮಗಳು ಆಗಿನ್ನೂ ಹುಟ್ಟಿರಲಿಲ್ಲ.

ಮಂಗಲಾ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ಮಂಗಲಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು, ಊರಿನವರೆಲ್ಲ ಟೀಚರನ್ನು ಕರೆಯುವ ಹಾಗೆ, ಅಕ್ಕೋರೆ ಎನ್ನುತ್ತಿದ್ದಳು. ಮಾತು ಕಡಿಮೆ. ನಾನು ಬಂದ ಮೂರನೆಯ ದಿನ, ಕೊಡೆಯೂ ನಿಲ್ಲದಂಥ ಮಳೆಯಲ್ಲಿ ಅವಳು ಒಂದು ಪಾತ್ರೆಗೆ ಮುಚ್ಚಳ ಹಾಕಿ ಹಿತ್ತಲಿಗೆ ಹೊರಟಿದ್ದನ್ನು ಕಂಡೆ. ಏನೆಂದು ಕೇಳಿದೆ.

"ಸಕ್ರೆ ಪಾಕ ಅಕ್ಕೋರೆ. ಜೇನಿಗೆ."

"ಜೇನಿಗೆ ಸಕ್ರಿ ಹಾಕ್ತಾರೇನ್ರಿ?"

"ಮಳೆಗಾಲದಲ್ಲಿ ಹೂವೆಲ್ಲಿ ಅದೆ? ಅವಕ್ಕೂ ಹೊಟ್ಟೆ ಇಲ್ವಾ?" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಿತ್ತಲಿನಲ್ಲಿ ತೆಂಗಿನ ಮರಗಳ ಕೆಳಗೆ ಆರು ಪೆಟ್ಟಿಗೆಗಳಿದ್ದವು. ನಾಲ್ಕು ಕಾಲಿನ ಸ್ಟ್ಯಾಂಡು, ಇರುವೆ ಹತ್ತದ ಹಾಗೆ ಪ್ರತಿ ಕಾಲಿನಡಿ ನೀರು ತುಂಬಿದ ಬಟ್ಟಲು. ಒಳಗಿದ್ದದ್ದು ಇಲ್ಲಿಯ ನಾಡಜೇನು, ತುಡವಿ. ಮದುವೆಯಾಗಿ ಬಂದ ಎರಡನೇ ವರ್ಷ ಹೊನ್ನಾವರದ ಕಡೆಯ ತವರಿನಿಂದ ಒಂದು ಹುತ್ತದ ಜೇನನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದಿದ್ದಳಂತೆ. ಬಸ್ಸಿನವರಿಗೆ ಹೇಳಿರಲಿಲ್ಲ. ಆ ಒಂದರಿಂದ ಆರಾಗಿತ್ತು. ಮನೆಯಲ್ಲಿ ಗದ್ದೆ ಅತ್ತೆಯದು, ಟೆಂಪೋ ಗಂಡನದು, ಜೇನು ಮಾತ್ರ ಮಂಗಲಾಳದು. ಹೊನ್ನಮ್ಮನವರೂ ಹಾಗೆಯೇ ಹೇಳುತ್ತಿದ್ದರು: "ಅದು ಅವಳದು. ನಂಗೆ ಗೊತ್ತಿಲ್ಲೆ." ಅವರ ಒಂದೇ ಕಟ್ಟಳೆ ಎಂದರೆ, ಪ್ರತಿವರ್ಷ ಮೊದಲು ತೆಗೆದ ಜೇನುತುಪ್ಪ ಊರ ದೈವ ಜಟಗನ ಕಟ್ಟೆಗೆ ಹೋಗಬೇಕು, ಆದ್ದರಿಂದ ಮುಟ್ಟಾದ ಮೂರು ದಿನ ಪೆಟ್ಟಿಗೆಯ ಹತ್ತಿರ ಹೋಗಬಾರದು.

"ಜೇನಲ್ಲಿ ಇರೂದೆಲ್ಲ ಹೆಂಗಸ್ರೇ" ಎಂದು ಮಂಗಲಾ ನನ್ನ ಕಿವಿಯಲ್ಲಿ ಹೇಳಿದ್ದಳು. "ಅವಕ್ಕೆ ಎಂತ ಮೈಲಿಗೆ?"

ಮಳೆ ಕಡಿಮೆಯಾಗುತ್ತ ಬಂದ ಹಾಗೆ ಶಾಲೆ ಬಿಟ್ಟ ಮೇಲೆ ನಾನು ಹಿತ್ತಲಿಗೆ ಹೋಗತೊಡಗಿದೆ. ಅವಳು ತೆಂಗಿನ ಸಿಪ್ಪೆಯ ಹೊಗೆ ಊದಿ, ಮುಚ್ಚಳ ಸರಿಸಿ, ಒಂದೊಂದೇ ಎರಿಯನ್ನು, ನೊಣಗಳು ಕಟ್ಟಿದ ಮೇಣದ ಹುಟ್ಟನ್ನು, ಎತ್ತಿ ತೋರಿಸುತ್ತಿದ್ದಳು. ರಾಣಿಯನ್ನು ಹುಡುಕುವುದು, ಕೆಲಸದ ನೊಣಗಳ ಮರಿಕೋಣೆಗೂ ಗಂಡು ನೊಣಗಳ ಮರಿಕೋಣೆಗೂ ಇರುವ ವ್ಯತ್ಯಾಸ, ಎಲ್ಲ ಅವಳಿಂದಲೇ ಕಲಿತೆ. ಕೆಲಸದ ನೊಣದ ಕೋಣೆಯ ಮುಚ್ಚಳ ಚಪ್ಪಟೆ. ಗಂಡು ನೊಣದ್ದು ಉಬ್ಬಿ, ನಡುವೆ ಸೂಜಿ ಚುಚ್ಚಿದಂಥ ಒಂದು ತೂತು. ಅಕ್ಟೋಬರಿನಲ್ಲಿ ಅಂಥ ಕೋಣೆಗಳು ಎರಿಯ ಕೆಳಬದಿಗೆ ತುಂಬತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಕಪ್ಪಗಿನ ದಪ್ಪ ಗಂಡು ನೊಣಗಳು ಗುಂಯ್ ಎಂದು ಹೊರಬೀಳುತ್ತಿದ್ದವು. ಮಂಗಲಾಳಿಗೆ ಅವು ಹಬ್ಬ ಬಂದ ಗುರುತು. ಇನ್ನೊಂದು ತಿಂಗಳಿಗೆ ಪೆಟ್ಟಿಗೆಗಳನ್ನು ಪಾಲು ಮಾಡಬಹುದು.

ಆ ವರ್ಷ ಪಾಲು ಮಾಡುವುದಕ್ಕೆ ಒಂದು ದೊಡ್ಡ ಕಾರಣವಿತ್ತು. ಹೊನ್ನಾವರದ ಕಡೆಯ ಒಂದು ಮಹಿಳಾ ಸಂಘದವರು ಆರು ಪೆಟ್ಟಿಗೆ ಜೇನು ಕೇಳಿದ್ದರು. ಜೊತೆಗೆ ಫೆಬ್ರವರಿಯಿಂದ ಪ್ರತಿ ಭಾನುವಾರ ತಾವು ಕಳಿಸುವ ಗಾಡಿಯಲ್ಲಿ ಬಂದು ತಮ್ಮ ಹೆಂಗಸರಿಗೆ ಜೇನು ಸಾಕುವುದನ್ನು ಕಲಿಸಬೇಕು ಎಂದೂ ಕೇಳಿದ್ದರು. ಮಾತಾಡಲು ಬಂದಿದ್ದವರು ಅವಳನ್ನು "ಮಂಗಲಾ ಮೇಡಂ" ಎಂದು ಕರೆದರಂತೆ. ಅದನ್ನು ಅವಳು ನನಗೆ ಒಂದೇ ವಾರದಲ್ಲಿ ಮೂರು ಸಲ ಹೇಳಿದಳು. ಒಪ್ಪಂದ ಸರಳವಾಗಿತ್ತು. ಒಂದೊಂದು ಪೆಟ್ಟಿಗೆಯನ್ನು ಎರಡು ಪಾಲು ಮಾಡುವುದು. ಮೊಟ್ಟೆ ಇಡುತ್ತಿರುವ ಹಳೆಯ ರಾಣಿಯ ಪಾಲು ಸಂಘಕ್ಕೆ. ರಾಣಿಯಿಲ್ಲದ ಪಾಲು ಇಲ್ಲಿ. ಇಲ್ಲಿಯ ನೊಣಗಳು ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ, ಅದು ಒಂದು ಬಿಸಿಲಿನ ಮಧ್ಯಾಹ್ನ ಹೊರಗೆ ಹಾರಿ, ಗಾಳಿಯಲ್ಲೇ ಗಂಡು ನೊಣಗಳನ್ನು ಕೂಡಿ, ಮರಳಿ ಬಂದು ಮೊಟ್ಟೆ ಇಡುತ್ತದೆ. ಪ್ರತಿವರ್ಷ ಒಂದೋ ಎರಡೋ ಪೆಟ್ಟಿಗೆಯಲ್ಲಿ ಅವಳು ಇದನ್ನು ಮಾಡುತ್ತಲೇ ಬಂದಿದ್ದಳು. ಆರನ್ನೂ ಒಟ್ಟಿಗೆ ಮಾಡುವುದು ಮೊದಲ ಸಲ.

ದೀಪಾವಳಿ ಮುಗಿದ ನಾಲ್ಕನೆಯ ದಿನ ಮಂಗಲಾಳ ತವರಿನಿಂದ ಫೋನು ಬಂತು. ತಾಯಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮಂಗಲಾ ಅವತ್ತೇ ಹೊರಟಳು. ಹೊರಡುವ ಮೊದಲು ನನ್ನ ಕೋಣೆಯ ಬಾಗಿಲಿಗೆ ಬಂದಳು.

"ಅಕ್ಕೋರೆ, ಬಟ್ಟಲಿಗೆ ನೀರು ಹಾಕ್ತಾ ಇರಿ, ಇರ್ವೆ ಹತ್ತೂದು ಬೇಡ. ಮತ್ತೆಂತ ಬೇಡ. ಮುಚ್ಚಳ ತೆಗಿಯೂದು ಬೇಡ."

ಆತು, ನೀವು ಚಿಂತಿ ಮಾಡಬ್ಯಾಡ್ರಿ ಎಂದೆ.

ಅವಳು ಮರಳಿ ಬಂದದ್ದು ಹದಿನೆಂಟು ದಿನದ ಮೇಲೆ. ಎರಡನೆಯ ವಾರಕ್ಕೆ ನಾನು ಮುಚ್ಚಳ ತೆಗೆದೆ. ಯಾಕೆ ತೆಗೆದೆ ಎಂದರೆ, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಬಿಳಿಯ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಚಾಕುವಿನಿಂದ ಗಂಡು ನೊಣಗಳ ಮರಿಕೋಣೆಗಳನ್ನು ಸಾಲಾಗಿ ಕೊಯ್ದು ಎಸೆಯುತ್ತಿದ್ದ. ಗಂಡು ನೊಣ ಕೆಲಸ ಮಾಡುವುದಿಲ್ಲ, ಕೂತು ತಿನ್ನುತ್ತದೆ, ಇವನ್ನು ತೆಗೆದರೆ ತುಪ್ಪ ಹೆಚ್ಚುತ್ತದೆ ಎಂದು ಹೇಳುತ್ತಿದ್ದ. ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬಾರದು ಎಂದೂ ಹೇಳಿದ್ದನೋ ಏನೋ. ನಾನು ಅಲ್ಲಿಯವರೆಗೆ ನೋಡಲಿಲ್ಲ. ಮಂಗಲಾ ವಾಪಸು ಬಂದಾಗ ತುಂಬಿದ ಪೆಟ್ಟಿಗೆ ಕಂಡು ಬೆರಗಾಗಬೇಕು, ನೀವು ಓದಿದವರಪ್ಪ ಎನ್ನಬೇಕು ಎಂದು ಆಸೆಪಟ್ಟೆ. ಇಷ್ಟು ತಿಂಗಳು ಅವಳಿಂದ ಕಲಿತದ್ದಕ್ಕೆ ಅವಳಿಗೆ ಗೊತ್ತಿಲ್ಲದ ಒಂದನ್ನಾದರೂ ನಾನು ಮಾಡಿ ತೋರಿಸಬೇಕಿತ್ತು.

ಹೊನ್ನಮ್ಮ ಗದ್ದೆಗೆ ಹೋಗಿದ್ದ ಒಂದು ಶನಿವಾರ ಮಧ್ಯಾಹ್ನ ಆರೂ ಪೆಟ್ಟಿಗೆ ಬಿಚ್ಚಿದೆ. ತರಕಾರಿ ಹೆಚ್ಚುವ ಚಾಕುವಿನಿಂದ ಉಬ್ಬಿದ ಕೋಣೆಗಳನ್ನೆಲ್ಲ ಕೊಯ್ದೆ. ಬಿಳಿಯ ಮರಿಗಳು ಅರ್ಧಕ್ಕೆ ತುಂಡಾಗಿ ಹಾಲಿನಂಥ ರಸ ಸುರಿಯಿತು. ಕೋಳಿಗಳಿಗೆ ಹಾಕಿದೆ, ಅವು ಕಿತ್ತಾಡಿ ತಿಂದವು. ಎಂಟು ದಿನ ಬಿಟ್ಟು, ಉಳಿದಿದ್ದನ್ನೂ ಕೊಯ್ದೆ. ಏಳೆಂಟು ನೊಣ ಕಚ್ಚಿದವು. ಕೈ ಊದಿದ್ದನ್ನು ಶಾಲೆಯಲ್ಲಿ ಹೆಮ್ಮೆಯಿಂದ ತೋರಿಸಿದೆ.

ಮಂಗಲಾ ಬಂದವಳು ಸ್ನಾನವನ್ನೂ ಮಾಡದೆ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ, ಹೇಳಿಬಿಡೋಣ ಎಂದು. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ಅವಳು ಪೆಟ್ಟಿಗೆಗಳ ಬಾಯಿಯನ್ನೇ ನೋಡುತ್ತ ಬಹಳ ಹೊತ್ತು ಕೂತಳು.

"ಗಂಡ್ನೊಣ ಕಾಣುದಿಲ್ವಲ್ಲ ಅಕ್ಕೋರೆ" ಎಂದಳು. "ಇಷ್ಟೊತ್ತಿಗೆ ಗುಂಯ್ ಅನ್ಬೇಕಾಗಿತ್ತು. ನಾನಿಲ್ದಾಗ ಹಾರ್ತಿದ್ವಾ?"

ಆ ಧ್ವನಿಯಲ್ಲಿ ಏನು ಕೇಳಿಸಿತೋ, ನಾನು ಮಾಡಿದ್ದು ಉಪಕಾರವಲ್ಲ ಎಂದು ಆ ಕ್ಷಣಕ್ಕೇ ಗೊತ್ತಾಯಿತು.

"ಹಾರ್ತಿದ್ವು" ಎಂದೆ. "ನಿನ್ನೆ ಸೈತ ನೋಡೇನಿ."

ಅವಳು ನಂಬಿದಳು. ಎರಿಗಳನ್ನು ಎತ್ತಿ ನೋಡಿದಾಗ ಕೆಳಬದಿ ಬೋಳಾಗಿದ್ದುದು ಕಂಡು, ಇಲಿ ಕಡಿದಿರಬೇಕು ಎಂದುಕೊಂಡಳೋ, ನೊಣಗಳೇ ಕಿತ್ತುಹಾಕಿರಬೇಕು ಎಂದುಕೊಂಡಳೋ. ಒಂದು ಸಲ ತಿರುಗಿ ನನ್ನ ಮುಖ ನೋಡಿದಳು. ಅನುಮಾನದಿಂದಲ್ಲ. ಜೊತೆಗಾರ್ತಿಯ ಅಭಿಪ್ರಾಯ ಕೇಳುವವರ ಹಾಗೆ. ನಾನು ಬಗ್ಗಿ ಬಟ್ಟಲುಗಳಿಗೆ ನೀರು ಹಾಕತೊಡಗಿದೆ. ನಾನು ಅವತ್ತು ನಿಜ ಹೇಳಿದ್ದರೆ ಅವಳು ಹೊಸ ಗಂಡು ನೊಣಗಳು ಹುಟ್ಟಿ ಹಾರುವವರೆಗೆ ಪಾಲು ಮಾಡುವುದನ್ನು ಒಂದು ತಿಂಗಳು ಮುಂದೂಡುತ್ತಿದ್ದಳು. ಸಂಘದವರು ಕಾಯುತ್ತಿದ್ದರು. ಆಗುತ್ತಿದ್ದದ್ದು ಅಷ್ಟೇ.

ಡಿಸೆಂಬರ್ ಮೊದಲ ವಾರ ಸಂಘದ ಗಾಡಿ ಬರುವುದೆಂದು ಗೊತ್ತಾಗಿತ್ತು. ಗಾಡಿ ಬರುವ ಹಿಂದಿನ ದಿನ ಪಾಲು ಮಾಡಬೇಕು, ಆ ದಿನ ಅವಳು ಮುಟ್ಟಾಗಿ ಎರಡನೆಯ ದಿನ.

"ಅತ್ತೆಗೆ ಹೇಳ್ಬೇಡಿ" ಎಂದಳು, ಹೊಗೆಯ ಡಬ್ಬಿಗೆ ಸಿಪ್ಪೆ ತುರುಕುತ್ತ. "ಗಾಡಿಯವ್ರಿಗೆ ನನ್ನ ಲೆಕ್ಕ ಗೊತ್ತಿಲ್ಲ ಅಲ್ದಾ?" ಇಬ್ಬರೂ ನಕ್ಕೆವು. ಒಂದೊಂದೇ ರಾಣಿಯನ್ನು ಹುಡುಕಿ, ಅದಿದ್ದ ಎರಿಗಳನ್ನು ಹೊಸ ಪೆಟ್ಟಿಗೆಗೆ ವರ್ಗಾಯಿಸಿದಳು. ಅವಳ ಕೈ ಎಷ್ಟು ನಿಧಾನ, ಎಷ್ಟು ಹಗುರ ಎಂದರೆ ಒಂದು ನೊಣವೂ ಕಚ್ಚಲಿಲ್ಲ. ಮರುದಿನ ಆರು ಪೆಟ್ಟಿಗೆ ಹೊನ್ನಾವರದ ಕಡೆಗೆ ಹೋದವು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ರಸ್ತೆಯಲ್ಲೇ ನಿಂತಿದ್ದಳು.

ಹೊಸ ರಾಣಿಗಳು ಹುಟ್ಟುವ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಸುದ್ದಿ ಬಂತು. ಹೊನ್ನಾವರದ ಕಾಸರಕೋಡದಲ್ಲಿ ದೋಣಿಗಳು ಕಡಲಿಗಿಳಿಯಲಿಲ್ಲವಂತೆ, ಒಣಹಾಕಿದ ಮೀನೆಲ್ಲ ಕೊಳೆಯಿತಂತೆ ಎಂದು ಗಣಪು ಹೇಳಿದ. ಒಂದು ವಾರ ಸೂರ್ಯ ಕಾಣಲಿಲ್ಲ. ಜಿಟಿಜಿಟಿ ಮಳೆ, ಥಂಡಿ ಗಾಳಿ. ಮಂಗಲಾ ಪೆಟ್ಟಿಗೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೆ ನಾಲ್ಕು ಸಲ ಹೋಗಿ ಆಕಾಶ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಸುಳ್ಳೇಕೆ, ಆ ಮಳೆ ಬಂದದ್ದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಹೇಳಿಕೊಳ್ಳಲು ಒಂದು ಕಾರಣ ಸಿಕ್ಕಿತ್ತು. ಇವತ್ತಿಗೂ ಯಾರಾದರೂ, ಅದು ಮಳೆಯಿಂದಲೇ ಆದದ್ದು ಎಂದರೆ ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಮಳೆ ನಿಂತ ಮೇಲೆ ನಾಲ್ಕೈದು ದಿನ ಒಳ್ಳೆಯ ಬಿಸಿಲಿತ್ತು. ರಾಣಿಗಳು ಹಾರಿದವು. ನಾನೇ ನೋಡಿದೆ. ಹಾರಿದ ಒಂದು ಬರಲೇ ಇಲ್ಲ, ಐದು ಮರಳಿದವು. ಬಾರದ ರಾಣಿಯ ನೊಣಗಳನ್ನು ಮಂಗಲಾ ಇನ್ನೊಂದು ಪೆಟ್ಟಿಗೆಗೆ ಸೇರಿಸಿದಳು.

ಜನವರಿಯಲ್ಲಿ ಬೆಳಿಗ್ಗೆ ಶಾಲು ಹೊದೆಯುವಷ್ಟು ಚಳಿ. ಸುರಹೊನ್ನೆ ಹೂ ಬಿಟ್ಟಿತ್ತು. ಐದೂ ಪೆಟ್ಟಿಗೆಯಲ್ಲಿ ಮೊಟ್ಟೆ ಕಂಡಿತು ಎಂದು ಮಂಗಲಾ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮಾಡಿದ್ದು ದಕ್ಕಿತು ಎಂದುಕೊಂಡೆ. ಹನ್ನೆರಡು ದಿನದ ಮೇಲೆ ಅವಳು ಮುಚ್ಚಳ ತೆಗೆದು ಒಂದು ಎರಿ ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು. ಮಾತಾಡದೆ ಅದನ್ನು ನನ್ನ ಕಡೆ ಹಿಡಿದಳು.

ಎರಿ ತುಂಬ ಉಬ್ಬಿದ ಮುಚ್ಚಳಗಳು. ಒಂದೂ ಚಪ್ಪಟೆ ಇಲ್ಲ.

ಗಂಡನ್ನು ಕೂಡದ ರಾಣಿಯೂ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆಗಳಿಂದ ಹುಟ್ಟುವುದು ಗಂಡು ನೊಣಗಳು ಮಾತ್ರ. ಹೂವಿಗೆ ಹೋಗುವ, ಮರಿ ಸಾಕುವ, ಗೂಡು ಕಾಯುವ ನೊಣ ಒಂದೂ ಹುಟ್ಟುವುದಿಲ್ಲ. ಇರುವ ಕೆಲಸದ ನೊಣಗಳು ಮುದಿಯಾಗಿ ದಿನಕ್ಕಿಷ್ಟು ಸಾಯುತ್ತ ಹೋಗುತ್ತವೆ. ಗೂಡು ಹೊರಗಿನಿಂದ ಸದ್ದು ಮಾಡುತ್ತಲೇ ಒಳಗೆ ಮುಗಿದಿರುತ್ತದೆ. ಡಿಸೆಂಬರಿನಲ್ಲಿ ಹುಡುಕಿದರೂ ಸಿಗದಿದ್ದ ಗಂಡು ನೊಣಗಳು ಈಗ ಐದೂ ಪೆಟ್ಟಿಗೆಯಲ್ಲಿ ತುಂಬಿ ಹುಟ್ಟುವುದರಲ್ಲಿದ್ದವು. ಅಷ್ಟು ದಿನ ಕಳೆದ ಮೇಲೆ ರಾಣಿ ಮತ್ತೆ ಹಾರುವುದಿಲ್ಲ.

ಮಂಗಲಾ ಅಳಲಿಲ್ಲ. ಅವಳಿಗೆ ದಾರಿ ಗೊತ್ತಿತ್ತು. ಹೊನ್ನಾವರಕ್ಕೆ ಹೋದ ಪೆಟ್ಟಿಗೆಗಳಿಂದ ಹೊಸ ಮೊಟ್ಟೆ ಇರುವ ಐದು ಎರಿ ತಂದು, ಈ ರಾಣಿಗಳನ್ನು ತೆಗೆದು, ಒಂದೊಂದು ಎರಿ ಕೊಟ್ಟರೆ ನೊಣಗಳು ಇನ್ನೊಂದು ರಾಣಿಯನ್ನು ಬೆಳೆಸುತ್ತವೆ. ಈಗ ಗಂಡು ನೊಣಕ್ಕೇನೂ ಬರವಿಲ್ಲ. ಆದರೆ ಒಂದು ವಾರದೊಳಗೆ ಆಗಬೇಕು. ಗಣಪುವಿನ ಟೆಂಪೋ ಬೇಕು.

ಅಂದು ಭಾನುವಾರ. ಜಗಲಿಯಲ್ಲಿ ಹೊನ್ನಮ್ಮ ಎಲೆಅಡಿಕೆ ಹಾಕುತ್ತ ಕೂತಿದ್ದರು, ಗಣಪು ಟೆಂಪೋ ತೊಳೆದು ಬಂದು ಚಹ ಕುಡಿಯುತ್ತಿದ್ದ. ಮಂಗಲಾ ವಿಷಯ ಹೇಳಿದಳು. ಗಣಪು ಏನೋ ಕೇಳುವ ಮೊದಲೇ ಹೊನ್ನಮ್ಮ, "ಪಾಲು ಮಾಡಿದ್ದು ಯಾವತ್ತು?" ಎಂದರು.

ಮಂಗಲಾ ಗಂಡನ ಕಡೆ ನೋಡಿದಳು.

"ನಾನ್ ಹೇಳ್ತೆ. ನಾಲ್ಕನೇ ದಿನ ತಲೆ ಮೇಲೆ ನೀರು ಹಾಕ್ಕಂಡವಳು ಅದಕ್ಕಿಂತ ಎರಡು ದಿನ ಮೊದ್ಲೇ ಪೆಟ್ಟಿಗೆ ಬಿಚ್ಚಿದ್ಲು. ನಾನೆಂತ ಕುರುಡಿಯಾ? ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಜಟಗನಿಗೆ ಹೋಗೂ ವಸ್ತು ಅದು."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅತ್ತೆ. ರಾಣಿಗೆ ಗಂಡ್ನೊಣ ಸಿಕ್ಲಿಲ್ಲ" ಎಂದಳು ಮಂಗಲಾ.

"ಇಷ್ಟು ವರ್ಷ ಸಿಕ್ಕಿದ್ದು ಈ ವರ್ಷ ಎಂತಕೆ ಸಿಕ್ಲಿಲ್ಲ?"

ಅದರ ಉತ್ತರ ಇದ್ದದ್ದು ನನ್ನ ಹತ್ತಿರ. ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಗಣಪು ನನ್ನ ಕಡೆ ತಿರುಗಿದ. ಅವನು ಕೆಟ್ಟವನಲ್ಲ, ಎರಡು ಕಡೆಯ ಮಾತಿನ ನಡುವೆ ಸಿಕ್ಕಿಬಿದ್ದವನು. ಮೂರನೆಯವರು ಯಾರಾದರೂ ತೀರ್ಮಾನ ಹೇಳಿದರೆ ಸಾಕಿತ್ತು ಅವನಿಗೆ.

"ಅಕ್ಕೋರೆ, ನೀವು ಇದನ್ನೆಲ್ಲ ಪಾಠ ಮಾಡೋರು. ಮುಟ್ಟಾದವ್ರು ಮುಟ್ಟಿದ್ರೆ ಹಿಂಗೆ ಆತದಾ? ನೀವು ಇಲ್ಲ ಅಂದ್ರೆ ಆತು, ನಾನು ಈಗ್ಲೇ ಟೆಂಪೋ ತೆಗಿತೆ."

ಇಲ್ಲ ಎನ್ನುವುದು ಎರಡಕ್ಷರ. ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಯಾಕೆ? ಗಂಡು ನೊಣ ಎಲ್ಲಿ ಹೋದವು? ನಿನ್ನೆಯೂ ನೋಡಿದೆ ಎಂದವಳು ನೀನಲ್ಲವೇ? ಮಂಗಲಾ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಆತಂಕವಿರಲಿಲ್ಲ, ನಾನು ಏನು ಹೇಳುತ್ತೇನೆಂದು ಅವಳಿಗೆ ಖಾತ್ರಿಯಿತ್ತು.

"ಮಳಿ ಇತ್ತಲ್ರಿ ಆವಾಗ..." ಎಂದೆ. "ಹಿಂಗ ಅಂತ ಹೇಳಾಕ ಬರಂಗಿಲ್ಲ."

ಗಣಪು ಲೋಟ ಕೆಳಗಿಟ್ಟ. "ಅಕ್ಕೋರಿಗೇ ಹೇಳುಕಾಗುದಿಲ್ಲ ಅಂದ್ರೆ ಮತ್ತೆಂತ" ಎಂದು ಎದ್ದುಹೋದ. ಹೊನ್ನಮ್ಮ ಸೊಸೆಯನ್ನು ಬೈಯಲಿಲ್ಲ, "ಆತು, ಆದದ್ದು ಆಗಿಹೋತು. ಇನ್ನು ಆ ಬದಿಗೆ ಹೋಗೂದು ಬೇಡ" ಎಂದು ಮೆತ್ತಗೆ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಮಂಗಲಾ ಗಂಡನ ಲೋಟ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಎಲ್ಲ ಬೇಗಬೇಗ ಆಯಿತು. ಫೆಬ್ರವರಿ ಹೊತ್ತಿಗೆ ಪೆಟ್ಟಿಗೆಗಳಲ್ಲಿ ಮುಷ್ಟಿಯಷ್ಟು ನೊಣ ಉಳಿದಿದ್ದವು. ಮೇಣದ ಹುಳು ಬಿದ್ದು ಎರಿಗಳು ಬಲೆ ಕಟ್ಟಿಕೊಂಡವು. ಬಟ್ಟಲುಗಳಿಗೆ ನೀರು ಹಾಕುವವರಿಲ್ಲದೆ ಇರುವೆ ಹತ್ತಿದವು. ನಾನು ಹಾಕಬಹುದಿತ್ತು. ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟಿದ್ದೆ. ಒಂದು ದಿನ ಗಣಪು ಪೆಟ್ಟಿಗೆಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ. ಸಂಘಕ್ಕೆ ಹೋದ ಆರೂ ಪೆಟ್ಟಿಗೆ ತುಂಬಿ ತುಳುಕುತ್ತಿವೆ ಎಂದು ಸುದ್ದಿ ಬಂತು. ಹಾಗೆಯೇ ಇಲ್ಲಿಯ ಸುದ್ದಿಯೂ ಅಲ್ಲಿಗೆ ಮುಟ್ಟಿತು. ಪಾಠಕ್ಕೆ ಅವಳನ್ನು ಕರೆದೊಯ್ಯಬೇಕಿದ್ದ ಭಾನುವಾರದ ಗಾಡಿ ಎರಡು ವಾರ ಬರಲಿಲ್ಲ, ಮೂರನೆಯ ವಾರ ಬೇರೆ ಯಾರನ್ನೋ ಗೊತ್ತುಮಾಡಿದ್ದೇವೆ ಎಂದು ಫೋನು ಬಂತು. ಆ ಫೋನು ಎತ್ತಿದ್ದು ನಾನು, ಅವಳ ಮೊಬೈಲು ಜಗಲಿಯ ಮೇಲಿತ್ತು. ಅವರು ಈಗ ಮೇಡಂ ಎನ್ನಲಿಲ್ಲ. "ಮಂಗಲಾ ಅನ್ನೋರಿಗೆ ಹೇಳಿ" ಎಂದರು.

ಅದೇ ತಿಂಗಳು ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠ. ಮುಟ್ಟು ಸಹಜವಾದ ದೇಹಕ್ರಿಯೆ, ಇದರಲ್ಲಿ ಮೈಲಿಗೆ ಎಂಬುದಿಲ್ಲ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು, ಹೊನ್ನಮ್ಮನವರ ಪಕ್ಕದ ಮನೆಯವಳು, ಎದ್ದು ನಿಂತು ಕೇಳಿದಳು: "ಅಕ್ಕೋರೆ, ಮತ್ತೆ ಮಂಗಲಕ್ಕನ ಜೇನು ಅದಕ್ಕೇ ಹೋತು ಹೇಳ್ತ್ರಲ್ಲ?"

"ಮೊದ್ಲು ಬರಕೋ" ಎಂದೆ. "ಗಂಟಿ ಆಗ್ತೈತಿ."

ಏಪ್ರಿಲ್‌ನಲ್ಲಿ ಊರು ಬಿಟ್ಟೆ. ಹೊರಡುವಾಗ ಮಂಗಲಾ ಬಾಳೆಎಲೆಯಲ್ಲಿ ಕಟ್ಟಿದ ಅಬ್ಬಲಿಗೆ ಹೂವಿನ ದಂಡೆ ಕೊಟ್ಟಳು. ಮುಂದೆ ನನಗೆ ಕಾಯಂ ನೌಕರಿ ಸಿಕ್ಕಿತು, ಭಟ್ಕಳಕ್ಕೆ ಬಂದೆ, ಮದುವೆಯಾಯಿತು. ರೈಲಿನಲ್ಲಿ ಕುಮಟೆ ದಾಟಿ ಹೋಗುವಾಗಲೆಲ್ಲ ಏನಾದರೂ ಓದುತ್ತ ಕೂರುತ್ತಿದ್ದೆ.

ಆ ಹೊಗೆಯ ಮರುದಿನ ತರಬೇತಿ ಮುಗಿದ ಮೇಲೆ ಜೊತೆಯವರಿಗೆ ಏನೋ ಹೇಳಿ ಕಾಗಾಲಕ್ಕೆ ಹೋದೆ. ಮಂಗಲಾ ಆಗಷ್ಟೇ ಗೇರುಬೀಜದ ಕಾರ್ಖಾನೆಯ ಕೆಲಸ ಮುಗಿಸಿ ಬಂದು ಬಾವಿಕಟ್ಟೆಯ ಹತ್ತಿರ ಕೈ ತಿಕ್ಕುತ್ತಿದ್ದಳು. ಬೆರಳುಗಳು ಗೇರೆಣ್ಣೆಗೆ ಕಪ್ಪಾಗಿ ಸಿಪ್ಪೆ ಎದ್ದಿದ್ದವು. ಗುರುತು ಸಿಕ್ಕ ಕೂಡಲೇ "ಅಯ್ಯೋ, ಅಕ್ಕೋರೆ!" ಎಂದು ಒದ್ದೆ ಕೈಯಲ್ಲೇ ಬಂದಳು. ಹೊನ್ನಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳಿಗೆ ಎಂಟು ವರ್ಷ, ಟ್ಯೂಷನ್ನಿಗೆ ಹೋಗಿದ್ದಳು.

ನಿಂತಲ್ಲೇ ಹೇಳಿದೆ, ಜೇನು ಹಾಳಾದದ್ದು ನನ್ನಿಂದ ಎಂದು. ಕೂತರೆ ಹೇಳಲಾರೆ ಎಂದು ನನಗೆ ಗೊತ್ತಿತ್ತು. ಅವಳು ಕೇಳಿ ನಕ್ಕಳು.

"ನನ್ನ ಸಮಾಧಾನಕ್ಕೆ ಹೇಳ್ತ್ರಿ ನೀವು. ನಾ ಎಂದೋ ಒಪ್ಕಂಡಾತು ಅಕ್ಕೋರೆ. ತಪ್ಪು ನಂದೇ. ಆ ದಿನ ಮುಟ್ಟಬಾರ್ದಾಗಿತ್ತು. ಹೋದ ವರ್ಷ ಶಾಲೆ ಗೋಡೆಲಿ ತುಡವಿ ಕೂತದೆ, ನೋಡು ಬಾ ಅಂತ ಮಗಳು ಕರೆದ್ಲು. ಮುಟ್ಟಾಗಿ ಹೊರಗಿದ್ದೆ, ಹೋಗ್ಲಿಲ್ಲ. ಅವಳಿಗೂ ಹೇಳಿಟ್ಟಿದ್ದೆ, ದೊಡ್ಡವಳಾದ್ಮೇಲೆ ಆ ದಿನ ಅಂತದ್ದರ ಹತ್ರ ಹೋಗ್ಬೇಡ ಅಂತ."

ನನಗೆ ತಡೆಯಲಾಗಲಿಲ್ಲ. ಶನಿವಾರ ಮಧ್ಯಾಹ್ನ ಎಂದೆ. ತರಕಾರಿ ಚಾಕು ಎಂದೆ. ಯಾವ ಪೆಟ್ಟಿಗೆಯಲ್ಲಿ ಎಷ್ಟು ಎರಿ ಕೊಯ್ದೆ, ಕೋಳಿಗಳಿಗೆ ಎಲ್ಲಿ ಹಾಕಿದೆ, ಅವಳು ಬಂದ ದಿನ ಏನು ಕೇಳಿದಳು, ನಾನು ಏನೆಂದೆ, ಎಲ್ಲ ಹೇಳಿದೆ. ಅವಳ ನಗು ಹೋಯಿತು. ಬಾವಿಯ ಹಗ್ಗವನ್ನು ಹಿಡಿದುಕೊಂಡಳು.

"ಇವ್ರು ನಿಮ್ಮತ್ರ ಕೇಳಿದ್ರು. ಟೆಂಪೋ ತೆಗಿತೆ ಅಂದ್ರು" ಎಂದಳು.

"ಹೌದು."

"ಬನ್ನಿ. ಇವ್ರಿಗೆ ಹೇಳಿ."

ಗಣಪು ಜಗಲಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ತಲೆ ನರೆತಿತ್ತು. ನನ್ನನ್ನು ಕಂಡು ಸಂತೋಷಪಟ್ಟ, ಕುರ್ಚಿ ತಂದ. ಮಂಗಲಾ ಬಾಗಿಲ ದಾರಂದಕ್ಕೆ ಒರಗಿ ನಿಂತಳು. ನಾನು ಎರಡನೆಯ ಸಲ ಎಲ್ಲವನ್ನೂ ಹೇಳಿದೆ. ಅವನು ಹುಬ್ಬು ಗಂಟಿಕ್ಕಿ ಕೇಳಿದ.

"ಜೇನಾ?" ಎಂದ. "ಓ, ಹೌದು, ಇತ್ತು ಅಲ್ದಾ. ಹೋತು ಬಿಡಿ ಅಕ್ಕೋರೆ, ಯಾವ ಕಾಲದ್ದು ಅದು. ಅದಕ್ಕೆ ಇಷ್ಟು ದೂರ ಬಂದ್ರಾ? ನಾವ್ಯಾರೂ ಅದಕ್ಕೆ ಇವಳಿಗೆ ಎಂತದೂ ಹೇಳ್ಲಿಲ್ಲಪ್ಪ." ಅವಳ ಕಡೆ ತಿರುಗಿ, "ಹೇಳಿದ್ವನೇ?" ಎಂದು ಕೇಳಿದ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ.

ಮಂಗಲಾ ಒಳಗೆ ಹೋಗಿ ಚಹ ಮಾಡಿ ತಂದಳು. ಗಣಪು ಹೆದ್ದಾರಿ ಕೆಲಸದ ಬಗ್ಗೆ, ಟೆಂಪೋದ ಬಗ್ಗೆ ಮಾತಾಡಿದ. ನಾನು ಚಹ ಕುಡಿದೆ.

ಬಸ್ಸಿನವರೆಗೆ ಅವಳು ಜೊತೆಗೆ ಬಂದಳು. ಶೇಂಗಾ ಗದ್ದೆಯಲ್ಲಿ ಹೆಂಗಸರು ಕಳೆ ಕೀಳುತ್ತಿದ್ದರು, ಒಬ್ಬಳು "ಯಾರೇ ಅದು?" ಎಂದು ಕೂಗಿದಳು. "ಮೊದ್ಲು ನಮ್ಮನೇಲಿ ಇದ್ದ ಅಕ್ಕೋರು" ಎಂದಳು ಮಂಗಲಾ. ಬಸ್ಸು ತಿರುವಿನಲ್ಲಿ ಕಾಣಿಸಿತು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಹಿಂದಕ್ಕೆ ತೆಗೆದುಕೊಂಡಳು.

"ಇವ್ರಿಗೆ ನೆನಪೇ ಇಲ್ಲ, ನೋಡಿದ್ರಾ" ಎಂದಳು. "ನಾನೊಬ್ಳೇ ಹೊತ್ಕಂಡಿದ್ದೆ. ಮಗಳ ತಲೆಗೂ ಹಾಕಿದ್ದೆ." ಆಮೇಲೆ, ಮಳೆಯಲ್ಲಿ ಬಕೀಟು ಹಿಡಿದು ಬಂದ ನನ್ನನ್ನು ಮೊದಲ ದಿನ ಒಳಗೆ ಕರೆದಷ್ಟೇ ಮರ್ಯಾದೆಯಿಂದ, "ಇನ್ನು ಬರಬೇಡಿ ಅಕ್ಕೋರೆ" ಎಂದಳು.

ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಆಗಲೇ ತಿರುಗಿ, ಬೇಗಬೇಗ ಹೆಜ್ಜೆ ಹಾಕುತ್ತ ಮಗಳ ಟ್ಯೂಷನ್ನಿನ ದಾರಿ ಹಿಡಿದಿದ್ದಳು.